28 ಮಕ್ಕಳಿಂದ ಶುರುವಾದ ಶಾಲೆ

(ಪ್ರೌಢಶಾಲಾ ಶಿಕ್ಷಕರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನನ್ನ ಅಕ್ಕನ ಮಗಳು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ನರ್ಸ್. ನಾನು ನಿವೃತ್ತಿಯಾದ ಮೇಲೆ ಎರಡು ತಿಂಗಳು ಅವಳ ಮನೆಯಲ್ಲಿದ್ದೆ. ಒಂದು ಸಂಜೆ ಅವಳು ಮಗಳ ಶಾಲೆಯ ಫಾರಂ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. "ಏನಾಯ್ತು?" ಎಂದೆ. "ಚಿಕ್ಕಮ್ಮ, ಧರ್ಮ ಯಾವುದು ಅಂತ ಕೇಳಿದ್ದಾರೆ. ಕ್ಯಾಥೊಲಿಕ್, ಪ್ರೊಟೆಸ್ಟೆಂಟ್, ಇತರ. ಇಷ್ಟೇ ಇರೋದು" ಎಂದಳು. ಆಮೇಲೆ 'ಇತರ' ಎಂಬಲ್ಲಿ ಗುರುತು ಹಾಕಿದಳು.

ಅಲ್ಲಿ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಮಕ್ಕಳು ಒಟ್ಟಿಗೆ ಓದುವ ಒಂದು ಶಾಲೆಯ ಬಗ್ಗೆ ಇವತ್ತು ಹೇಳಬೇಕೆಂದಿದ್ದೇನೆ. ಆ ವಿಷಯ ನನಗೆ ಸಿಕ್ಕಿದ್ದು ಆ ಫಾರಂನಿಂದಲೇ. ನಾನು 30 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು. ಮಂಗಳೂರು ಕಡೆಯ ಶಾಲೆಗಳಲ್ಲಿ ನನ್ನ ಮುಂದೆ ಕೂತ ಮಕ್ಕಳಲ್ಲಿ ಕ್ಯಾಥೊಲಿಕರು ಯಾರು, ಪ್ರೊಟೆಸ್ಟೆಂಟರು ಯಾರು ಎಂದು ನಾನು ಯೋಚಿಸಿದ್ದೇ ಇಲ್ಲ. ಡಿಸೋಜ, ಪಿಂಟೊ ಎಂದರೆ ಒಂದು ಕಡೆ, ಸೋನ್ಸ್ ಎಂದರೆ ಇನ್ನೊಂದು ಕಡೆ ಎಂದು ಅಡ್ಡಹೆಸರಿನಿಂದ ಗೊತ್ತಾಗುತ್ತಿತ್ತು, ಅಷ್ಟೇ. ನಮ್ಮೂರಿಗೆ ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ ಬಂದಿದ್ದು 1834ರಲ್ಲಿ. ಕ್ಯಾಥೊಲಿಕ್ ಗುರುಗಳಾದ ಜೆಸುಯಿಟರ ಸೇಂಟ್ ಅಲೋಶಿಯಸ್ ಕಾಲೇಜು ಶುರುವಾಗಿದ್ದು 1880ರಲ್ಲಿ. ಎರಡು ಕಡೆಯ ಶಾಲೆಗಳಲ್ಲೂ ಹಿಂದೂ ಮಕ್ಕಳು, ಮುಸ್ಲಿಂ ಮಕ್ಕಳು ಎಲ್ಲರೂ ಓದಿದರು. ಹಾಗಾಗಿ ಇಬ್ಬರೂ ಕ್ರೈಸ್ತರೇ, ಅವರ ಮಕ್ಕಳು ಒಟ್ಟಿಗೆ ಓದುವುದು ಒಂದು ದೊಡ್ಡ ವಿಷಯವಾ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು.

ಉತ್ತರ ಐರ್ಲೆಂಡಿನಲ್ಲಿ ಅದು ಬಹಳ ದೊಡ್ಡ ವಿಷಯ.

ಅಲ್ಲಿ ಆ ಎರಡು ಹೆಸರುಗಳು ಪ್ರಾರ್ಥನೆ ಹೇಗೆ ಮಾಡಬೇಕು ಎಂಬುದಕ್ಕಿಂತ ಜಾಸ್ತಿ, ನೀನು ಯಾರ ಕಡೆಯವನು ಎಂಬುದನ್ನು ಹೇಳುತ್ತವೆ. 1609ರ ಆಸುಪಾಸಿನಲ್ಲಿ ಇಂಗ್ಲೆಂಡಿನ ದೊರೆ ಐರ್ಲೆಂಡಿನ ಉತ್ತರ ಭಾಗದ ಜಮೀನನ್ನು ಅಲ್ಲಿಯವರಿಂದ ಕಿತ್ತುಕೊಂಡು, ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನಿಂದ ಜನರನ್ನು ತಂದು ನೆಲೆಗೊಳಿಸಿದ. ಬಂದವರು ಪ್ರೊಟೆಸ್ಟೆಂಟರು, ಜಮೀನು ಕಳೆದುಕೊಂಡವರು ಕ್ಯಾಥೊಲಿಕರು. 1921ರಲ್ಲಿ ಐರ್ಲೆಂಡ್ ಎರಡು ಭಾಗವಾಯಿತು. ಉತ್ತರದ ಆರು ಜಿಲ್ಲೆಗಳು ಬ್ರಿಟನ್ ಜೊತೆ ಉಳಿದವು. ಅಲ್ಲಿನ ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರಿಗೆ ಬ್ರಿಟನ್ ಜೊತೆಗೇ ಇರಬೇಕು. ಕ್ಯಾಥೊಲಿಕರಲ್ಲಿ ಹೆಚ್ಚಿನವರಿಗೆ ಐರ್ಲೆಂಡ್ ಒಂದಾಗಬೇಕು. ಕೆಲಸ, ಮನೆ, ಮತದಾನ ಎಲ್ಲದರಲ್ಲೂ ಕ್ಯಾಥೊಲಿಕರಿಗೆ ಅನ್ಯಾಯವಾಗುತ್ತಿತ್ತು. 1960ರ ದಶಕದ ಕೊನೆಗೆ ಹೊತ್ತಿಕೊಂಡ ಬೆಂಕಿ ಆರಲು 30 ವರ್ಷ ಬೇಕಾಯಿತು. ಸತ್ತವರು 3,500ಕ್ಕೂ ಹೆಚ್ಚು. ಇಡೀ ಪ್ರದೇಶದ ಆಗಿನ ಜನಸಂಖ್ಯೆ ಸುಮಾರು 15 ಲಕ್ಷ. ನಮ್ಮ ಒಂದು ಜಿಲ್ಲೆಯಷ್ಟು ಜನ. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಸಾವು ಎಂದರೆ, ಯಾರನ್ನಾದರೂ ಕಳೆದುಕೊಂಡವರ ಪರಿಚಯವೇ ಇಲ್ಲದ ಮನೆ ಸಿಗುವುದು ಕಷ್ಟ.

ಇದರಲ್ಲಿ ಶಾಲೆಯ ಪಾತ್ರ ಏನು? ಮಕ್ಕಳು ಬೇರೆ ಬೇರೆ ಶಾಲೆಗೆ ಹೋಗಿದ್ದರಿಂದಲೇ ಜಗಳ ಆಯಿತು ಎಂದು ನಾನು ಹೇಳುವುದಿಲ್ಲ. ಜಗಳದ ಬೇರು ಜಮೀನಿನಲ್ಲಿತ್ತು, ಅಧಿಕಾರದಲ್ಲಿತ್ತು. ಆದರೆ ಒಬ್ಬರ ಮುಖ ಒಬ್ಬರು ನೋಡದೆಯೇ ಬೆಳೆಯುವ ಹಾಗೆ ಮಾಡಿದ್ದು ಶಾಲೆ. ನಾಲ್ಕೈದು ವರ್ಷಕ್ಕೆ ಮಗುವನ್ನು ಅದರದರ ಶಾಲೆಗೆ ಬಿಟ್ಟರೆ, 18ಕ್ಕೆ ಹೊರಗೆ ಬರುವವರೆಗೆ ಆ ಕಡೆಯ ಒಂದು ಮಗುವಿನ ಜೊತೆಗೂ ಆಡದೆ, ಜಗಳವಾಡದೆ, ತಿಂಡಿ ಹಂಚಿಕೊಳ್ಳದೆ ದೊಡ್ಡವರಾಗಬಹುದಿತ್ತು. ಈಗಲೂ ಆಗಬಹುದು.

ಒಟ್ಟಿಗೆ ಓದಿಸುವ ಯೋಚನೆ ಹೊಸದೇನಲ್ಲ. 1831ರಲ್ಲೇ ಐರ್ಲೆಂಡಿನಲ್ಲಿ ರಾಷ್ಟ್ರೀಯ ಶಾಲೆಗಳನ್ನು ತೆರೆದಾಗ, ಎಲ್ಲ ಪಂಗಡದ ಮಕ್ಕಳೂ ಒಂದೇ ಕೋಣೆಯಲ್ಲಿ ಓದಲಿ, ಧರ್ಮಪಾಠ ಮಾತ್ರ ಬೇರೆ ಮಾಡಿ ಎಂಬುದೇ ಉದ್ದೇಶವಾಗಿತ್ತು. ಚರ್ಚುಗಳು ಒಪ್ಪಲಿಲ್ಲ. ನಿಧಾನವಾಗಿ ಒಂದೊಂದು ಶಾಲೆಯೂ ಒಂದೊಂದು ಪಂಗಡದ ಕೈಗೆ ಹೋಯಿತು. ಉತ್ತರ ಐರ್ಲೆಂಡ್ ಹುಟ್ಟಿದ ಮೇಲೆ ಅಲ್ಲಿನ ಮೊದಲ ಶಿಕ್ಷಣ ಮಂತ್ರಿ ಲಾರ್ಡ್ ಲಂಡನ್‌ಡೆರಿ 1923ರಲ್ಲಿ ಮತ್ತೆ ಪ್ರಯತ್ನಪಟ್ಟರು. ಈ ಸಲವೂ ಎರಡು ಕಡೆಯ ಚರ್ಚುಗಳು ವಿರೋಧಿಸಿದವು. ಯಾವುದಕ್ಕೂ ಒಂದಾಗದವರು ಇದೊಂದಕ್ಕೆ ಒಂದಾದರು! 1930ರ ಹೊತ್ತಿಗೆ ಸರ್ಕಾರಿ ಶಾಲೆ ಎಂದರೆ ಪ್ರೊಟೆಸ್ಟೆಂಟ್ ಶಾಲೆ, ಚರ್ಚಿನ ಶಾಲೆ ಎಂದರೆ ಕ್ಯಾಥೊಲಿಕ್ ಶಾಲೆ ಎಂದು ಗಟ್ಟಿಯಾಗಿ ನಿಂತಿತು.

ಟೀಚರುಗಳಿಗೂ ಬೇರೆ ಬೇರೆ ತರಬೇತಿ. ಬೆಲ್‌ಫಾಸ್ಟಿನಲ್ಲಿ ಎರಡು ತರಬೇತಿ ಕಾಲೇಜುಗಳಿವೆ. ಸೇಂಟ್ ಮೇರೀಸ್ ಕ್ಯಾಥೊಲಿಕರದು. ಸ್ಟ್ರಾನ್‌ಮಿಲಿಸ್‌ನಲ್ಲಿ ಮೊದಲಿನಿಂದಲೂ ಪ್ರೊಟೆಸ್ಟೆಂಟರೇ ಜಾಸ್ತಿ. ಸ್ವಲ್ಪ ಯೋಚನೆ ಮಾಡಿ. ಕ್ಯಾಥೊಲಿಕ್ ಶಾಲೆಯಲ್ಲಿ ಓದಿ, ಕ್ಯಾಥೊಲಿಕ್ ಕಾಲೇಜಿನಲ್ಲಿ ತರಬೇತಿ ಪಡೆದು, ಕ್ಯಾಥೊಲಿಕ್ ಶಾಲೆಗೇ ಟೀಚರ್ ಆಗಿ ಹೋಗಿ, ಅಲ್ಲೇ ನಿವೃತ್ತಿ. ಆ ಕಡೆಯವರಿಗೂ ಇದೇ ದಾರಿ.

ಇಷ್ಟು ವರ್ಷ ಬೇರೆಯಾಗಿ ಬೆಳೆದರೆ ಏನೇನಾಗುತ್ತದೆ ನೋಡಿ. ಇಂಗ್ಲಿಷ್ ವರ್ಣಮಾಲೆಯಲ್ಲಿ ನಾವು 'ಎಚ್' ಎನ್ನುವ ಅಕ್ಷರ ಇದೆಯಲ್ಲ, ಅದನ್ನು ಅಲ್ಲಿ ಪ್ರೊಟೆಸ್ಟೆಂಟ್ ಮಕ್ಕಳು 'ಏಚ್' ಎನ್ನುತ್ತಾರೆ, ಕ್ಯಾಥೊಲಿಕ್ ಮಕ್ಕಳು 'ಹೇಚ್' ಎನ್ನುತ್ತಾರೆ. ಒಂದೇ ಊರಿನಲ್ಲಿ, ಎರಡು ಬೀದಿ ಆಚೆಈಚೆ. ಆ ಒಂದು ಅಕ್ಷರದಿಂದ ಹುಡುಗ ಯಾವ ಕಡೆಯವನೆಂದು ಗುರುತು ಹಿಡಿಯುತ್ತಿದ್ದರು. ರಾತ್ರಿ ತಪ್ಪು ಬೀದಿಯಲ್ಲಿ ಸಿಕ್ಕಿಬಿದ್ದವನಿಗೆ ಅದು ತಮಾಷೆಯ ಮಾತಾಗಿರಲಿಲ್ಲ. ನಮ್ಮಲ್ಲೂ ಕ್ಯಾಥೊಲಿಕರು 'ಶುಭಸಂದೇಶ' ಎನ್ನುತ್ತಾರೆ, ಪ್ರೊಟೆಸ್ಟೆಂಟರು 'ಸುವಾರ್ತೆ' ಎನ್ನುತ್ತಾರೆ. ಆದರೆ ಆ ಮಾತು ಕೇಳಿ ನಮ್ಮಲ್ಲಿ ಯಾರೂ ಹೆದರುವುದಿಲ್ಲ, ಅಲ್ವಾ? ಅಲ್ಲಿ ಹೊಸಬರು ಸಿಕ್ಕರೆ "ಯಾವ ಶಾಲೆಯಲ್ಲಿ ಓದಿದ್ದು?" ಎಂದು ಕೇಳುತ್ತಾರೆ. ಶಾಲೆಯ ಹೆಸರಿನ ಮುಂದೆ 'ಸೇಂಟ್' ಇದೆಯೇ ಎಂಬುದರಿಂದ ಅರ್ಧ ಗೊತ್ತಾಗಿಬಿಡುತ್ತದೆ. ನಮ್ಮಲ್ಲಿ "ನಿಮ್ಮದು ಯಾವ ಊರು, ಯಾವ ಮನೆ?" ಎಂದು ಕೇಳುವುದರ ಹಿಂದೆ ಇನ್ನೊಂದು ಪ್ರಶ್ನೆ ಅಡಗಿರುತ್ತದಲ್ಲ, ಹಾಗೆ.

ಇಲ್ಲಿ ಕ್ಯಾಥೊಲಿಕ್ ಶಾಲೆಗಳ ಪರವಾಗಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಆ ಸರ್ಕಾರದಲ್ಲಿ ಕ್ಯಾಥೊಲಿಕರಿಗೆ ತಮ್ಮದು ಎಂದು ಇದ್ದದ್ದು ಚರ್ಚು ಮತ್ತು ಶಾಲೆ ಮಾತ್ರ. ಬಹಳ ವರ್ಷಗಳ ಕಾಲ ಶಾಲೆಯ ಕಟ್ಟಡದ ಖರ್ಚಿನಲ್ಲಿ ಒಂದು ಪಾಲನ್ನು ಬಡ ಕುಟುಂಬಗಳೇ ಚಂದಾ ಎತ್ತಿ ಕೊಟ್ಟಿವೆ. 1947ರ ಕಾನೂನಿನಿಂದ ಹೈಸ್ಕೂಲು ಓದು ಉಚಿತವಾದ ಮೇಲೆ ಆ ಶಾಲೆಗಳಿಂದ ಒಂದು ಹೊಸ ಪೀಳಿಗೆಯೇ ಹೊರಬಂತು. ಮುಂದೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಜಾನ್ ಹ್ಯೂಮ್, ಸಾಹಿತ್ಯಕ್ಕೆ ನೊಬೆಲ್ ಪಡೆದ ಕವಿ ಶೇಮಸ್ ಹೀನಿ, ಇಬ್ಬರೂ ಡೆರಿ ಪಟ್ಟಣದ ಒಂದೇ ಕ್ಯಾಥೊಲಿಕ್ ಶಾಲೆಯ ಹುಡುಗರು. ಇಂಥ ಶಾಲೆಯನ್ನು ಬಿಟ್ಟುಕೊಡಿ ಎಂದರೆ ಆ ಸಮುದಾಯಕ್ಕೆ ಹೇಗನ್ನಿಸುತ್ತದೆ? ಅವರ ಹಿಂಜರಿಕೆ ನನಗೆ ಅರ್ಥವಾಗುತ್ತದೆ.

ಅಷ್ಟಾದರೂ ಕೆಲವರು ಬೇರೆ ದಾರಿ ಹುಡುಕಿದರು. ಅವರು ಮಂತ್ರಿಗಳಲ್ಲ, ಬಿಷಪ್ಪರಲ್ಲ. ತಾಯಂದಿರು.

1970ರ ದಶಕದ ಶುರುವಿನಲ್ಲಿ ಬೆಲ್‌ಫಾಸ್ಟ್ ಸುತ್ತಮುತ್ತ ಕೆಲವು ಕ್ಯಾಥೊಲಿಕ್ ಕುಟುಂಬಗಳು ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುತ್ತಿದ್ದವು. ಆ ಧರ್ಮಪ್ರಾಂತ್ಯದ ಬಿಷಪ್ಪರು ಅಂಥ ಮಕ್ಕಳಿಗೆ, ದೀಕ್ಷಾಸ್ನಾನ ಪಡೆದವರ ನಂಬಿಕೆಯನ್ನು ಗಟ್ಟಿಮಾಡುವ ದೃಢೀಕರಣ ಸಂಸ್ಕಾರ ಕೊಡುವುದಿಲ್ಲ ಎಂದರು. ಕ್ಯಾಥೊಲಿಕ್ ಮನೆಯಲ್ಲಿ ಅದು ಎಷ್ಟು ದೊಡ್ಡ ಪೆಟ್ಟು ಎಂದು ಇಲ್ಲಿರುವ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೆಸಿಲ್ ಲಿನೆಹನ್, ಬೆಟ್ಟಿ ಬೆಂಟನ್ ಎಂಬ ತಾಯಂದಿರು ಮತ್ತವರ ಜೊತೆಗಿದ್ದವರು ಸೇರಿಕೊಂಡು, ನಮ್ಮ ಮಕ್ಕಳಿಗೆ ನಾವೇ ಧರ್ಮೋಪದೇಶ ಮಾಡುತ್ತೇವೆ ಎಂದು ಶುರು ಮಾಡಿದರು. ಹಾಗೆ ಸೇರಿದವರಲ್ಲಿ ಒಂದು ಪ್ರಶ್ನೆ ಹುಟ್ಟಿತು. ನಮ್ಮ ಧರ್ಮವನ್ನೂ ಬಿಡದೆ, ಬೇರೆಯವರ ಮಕ್ಕಳ ಜೊತೆಗೂ ಓದುವಂಥ ಶಾಲೆ ಯಾಕಿಲ್ಲ? ಪ್ರೊಟೆಸ್ಟೆಂಟ್ ಪಾಲಕರೂ ಜೊತೆಗೂಡಿದರು. 'ಆಲ್ ಚಿಲ್ಡ್ರನ್ ಟುಗೆದರ್' ಎಂಬ ಸಂಘಟನೆ ಹುಟ್ಟಿತು. ಎಲ್ಲ ಮಕ್ಕಳೂ ಒಟ್ಟಿಗೆ ಎಂದರ್ಥ.

ಈ ತಾಯಂದಿರು ಧರ್ಮ ಬೇಡ ಎನ್ನಲಿಲ್ಲ ಎಂಬುದನ್ನು ಗಮನಿಸಿ. ಮಗುವಿಗೆ ಸಂಸ್ಕಾರ ಸಿಗಲಿಲ್ಲ ಎಂಬ ನೋವಿನಿಂದಲೇ ಈ ಕೆಲಸ ಶುರುವಾಗಿದ್ದು. ನನಗೆ ಇದರಲ್ಲಿ ಬಹಳ ದೊಡ್ಡದಾಗಿ ಕಂಡದ್ದು ಇದೇ.

1974ರಲ್ಲಿ ಎರಡು ಕಡೆಯವರೂ ಕೂಡಿ ಅಧಿಕಾರ ನಡೆಸುವ ಒಂದು ಸರ್ಕಾರ ಬಂತು. ಅದರ ಶಿಕ್ಷಣ ಮಂತ್ರಿ ಬೇಸಿಲ್ ಮ್ಯಾಕೈವರ್ 'ಹಂಚಿಕೊಂಡ ಶಾಲೆ'ಗಳ ಯೋಜನೆಯನ್ನು ಏಪ್ರಿಲ್ ಕೊನೆಯಲ್ಲಿ ಮುಂದಿಟ್ಟರು. ಮೇ ತಿಂಗಳಲ್ಲಿ ಪ್ರೊಟೆಸ್ಟೆಂಟ್ ಕಾರ್ಮಿಕರ ಮುಷ್ಕರಕ್ಕೆ ಸರ್ಕಾರವೇ ಬಿದ್ದುಹೋಯಿತು. ಯೋಜನೆಗೆ ಒಂದು ತಿಂಗಳ ಆಯಸ್ಸು. 1978ರಲ್ಲಿ ಲಾರ್ಡ್ ಡನ್‌ಲೀತ್ ಒಂದು ಕಾನೂನು ತಂದರು. ಈಗಿರುವ ಶಾಲೆ ಬಯಸಿದರೆ ಎಲ್ಲರ ಶಾಲೆಯಾಗಿ ಬದಲಾಗಬಹುದು ಎಂದು ಅದು ಹೇಳಿತು. ಕಾನೂನು ಬಂತು, ಶಾಲೆಗಳು ಮುಂದೆ ಬರಲಿಲ್ಲ. ಒಂದು ವರ್ಷ, ಎರಡು ವರ್ಷ, ಮೂರು ವರ್ಷ. ಯಾರೂ ಬರಲಿಲ್ಲ.

ಆಗ ಪಾಲಕರು ಇನ್ನು ಕಾಯುವುದು ಬೇಡ, ಶಾಲೆಯನ್ನು ನಾವೇ ತೆರೆಯೋಣ ಎಂದು ತೀರ್ಮಾನಿಸಿದರು.

ಅದು 1981. ಆ ವರ್ಷವನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಜೈಲಿನಲ್ಲಿ, ಬ್ರಿಟನ್ ಆಳ್ವಿಕೆಯ ವಿರುದ್ಧ ಹೋರಾಡಿದ ಐರಿಷ್ ಗಣತಂತ್ರವಾದಿ ಕೈದಿಗಳ ಉಪವಾಸ ನಡೆಯುತ್ತಿತ್ತು. ಮೇ 5ರಂದು ಬಾಬಿ ಸ್ಯಾಂಡ್ಸ್ ಸತ್ತರು. ಒಬ್ಬರಾದ ಮೇಲೆ ಒಬ್ಬರಂತೆ ಆಗಸ್ಟ್ ಹೊತ್ತಿಗೆ ಹತ್ತು ಜನ ಸತ್ತರು. ಬೀದಿಯಲ್ಲಿ ಬೆಂಕಿ, ಕಲ್ಲು, ಗುಂಡು. ಉಪವಾಸ ನಿಂತಿದ್ದು ಅಕ್ಟೋಬರ್ 3ಕ್ಕೆ. ಅದಕ್ಕೂ ಮೊದಲು, ಸೆಪ್ಟೆಂಬರಿನಲ್ಲಿ, ಬೆಲ್‌ಫಾಸ್ಟಿನ ದಕ್ಷಿಣದ ಅಂಚಿನಲ್ಲಿ ಸ್ಕೌಟ್ಸ್‌ನವರ ಒಂದು ಹಾಲಿನಲ್ಲಿ 28 ಮಕ್ಕಳು ಬಂದು ಕೂತರು. ಕ್ಯಾಥೊಲಿಕ್ ಮಕ್ಕಳು, ಪ್ರೊಟೆಸ್ಟೆಂಟ್ ಮಕ್ಕಳು. ಮುಖ್ಯೋಪಾಧ್ಯಾಯಿನಿ ಶೀಲಾ ಗ್ರೀನ್‌ಫೀಲ್ಡ್. ಆಡಳಿತ ಮಂಡಳಿಯ ಮೊದಲ ಅಧ್ಯಕ್ಷರು ಯಾರು ಗೊತ್ತಾ? ಏಳು ವರ್ಷದ ಹಿಂದೆ ಮಂತ್ರಿಯಾಗಿದ್ದಾಗ ಯೋಜನೆ ಕೈತಪ್ಪಿದ ಬೇಸಿಲ್ ಮ್ಯಾಕೈವರ್. ಊರಿನ ನಡುವೆ ಹರಿಯುವ ಲ್ಯಾಗನ್ ನದಿಯ ಹೆಸರನ್ನೇ ಶಾಲೆಗೆ ಇಟ್ಟರು. ಲ್ಯಾಗನ್ ಕಾಲೇಜು. ಹೆಸರಿನಲ್ಲಿ ಕಾಲೇಜು ಎಂದಿದ್ದರೂ ಅದು 11ರಿಂದ 18 ವರ್ಷದ ಮಕ್ಕಳ ಹೈಸ್ಕೂಲು.

ಸರ್ಕಾರದ ದುಡ್ಡು ಒಂದು ಪೈಸೆ ಇರಲಿಲ್ಲ. ಪಾಲಕರು ಹಣ ಒಟ್ಟುಮಾಡಿದರು, ದತ್ತಿ ಸಂಸ್ಥೆಗಳ ಬಾಗಿಲು ತಟ್ಟಿದರು. ಅವರು ಇಟ್ಟ ಪಣ ಏನು ಎಂದು ನಾವು ಟೀಚರುಗಳು ಬೇಗ ಅರ್ಥಮಾಡಿಕೊಳ್ಳುತ್ತೇವೆ. ಕಟ್ಟಡ ಇಲ್ಲ, ಲ್ಯಾಬ್ ಇಲ್ಲ, ಹಳೆಯ ಫಲಿತಾಂಶ ಇಲ್ಲ, ಮುಂದಿನ ವರ್ಷ ಈ ಶಾಲೆ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಅಂಥಲ್ಲಿಗೆ 11 ವರ್ಷದ ಮಗಳನ್ನು ಕಳಿಸುವುದು! ಅದೂ ಅಕ್ಕಪಕ್ಕದವರು, ನೆಂಟರು, ತಮ್ಮದೇ ಚರ್ಚಿನವರು "ಇವರಿಗೇನಾಗಿದೆ?" ಎಂದು ನೋಡುತ್ತಿರುವಾಗ. ಒಳ್ಳೆಯ ಮಾತು ಎಲ್ಲರೂ ಆಡಬಹುದು. ತನ್ನ ಮಗುವಿನ ಓದನ್ನೇ ಆ ಮಾತಿಗೆ ಒತ್ತೆ ಇಡುವವರು ಕಡಿಮೆ.

ಶಾಲೆ ಉಳಿಯಿತು. ಮಕ್ಕಳು ಹೆಚ್ಚಿದರು. 1984ರಲ್ಲಿ ಸರ್ಕಾರ ಅನುದಾನ ಕೊಡಲು ಒಪ್ಪಿತು. ಆಮೇಲೆ ಊರಿನ ಹೊರಗೆ ಕ್ಯಾಸಲ್‌ರೇ ಗುಡ್ಡದ ಮೇಲೆ, ಲಿಸ್ನಬ್ರೀನಿ ಎಂಬಲ್ಲಿ ಕಾಯಂ ಜಾಗ ಸಿಕ್ಕಿತು. ಅಲ್ಲಿಂದ ಇಡೀ ಬೆಲ್‌ಫಾಸ್ಟ್ ಕಾಣುತ್ತದೆ. ಯಾವ ಪಂಗಡದ ಕೇರಿಯಲ್ಲೂ ಇಲ್ಲದ ಜಾಗ ಅದು. ಶಾಲೆಗೆ ಹೋಗುವ ಮಗು ಇನ್ನೊಬ್ಬರ ಕೇರಿ ದಾಟಬೇಕಾದರೆ ಏನಾಗುತ್ತದೆ ಎಂಬುದನ್ನು ಬೆಲ್‌ಫಾಸ್ಟ್ 2001ರಲ್ಲೂ ನೋಡಿತು. ಊರಿನ ಉತ್ತರ ಭಾಗದ ಹೋಲಿ ಕ್ರಾಸ್ ಎಂಬ ಶಾಲೆಗೆ ಹೋಗುತ್ತಿದ್ದ ಪುಟ್ಟ ಪುಟ್ಟ ಕ್ಯಾಥೊಲಿಕ್ ಹೆಣ್ಣುಮಕ್ಕಳು, ಎರಡೂ ಬದಿಯಲ್ಲಿ ಕೂಗಾಡುವ ಗುಂಪಿನ ನಡುವೆ, ಸೈನಿಕರ ಕಾವಲಿನಲ್ಲಿ ನಡೆಯಬೇಕಾಯಿತು. ಎರಡು ಕಡೆಯವರ ನಡುವೆ 1998ರ ಶಾಂತಿ ಒಪ್ಪಂದವಾಗಿ ಆಗಲೇ ಮೂರು ವರ್ಷ ಕಳೆದಿತ್ತು.

ಈಗ ಲ್ಯಾಗನ್ ಕಾಲೇಜಿನಲ್ಲಿ 1,200ಕ್ಕೂ ಹೆಚ್ಚು ಮಕ್ಕಳಿದ್ದಾರೆ.

ಸರಿ, ಒಳಗೆ ಏನು ನಡೆಯುತ್ತದೆ? ನಮಗೆ ಬೇಕಾದದ್ದು ಅದೇ ಅಲ್ವಾ.

ಒಟ್ಟಿಗೆ ಓದುವುದು ಎಂದ ಕೂಡಲೇ ನಮಗೆ ಹೊಳೆಯುವುದು ವ್ಯತ್ಯಾಸಗಳನ್ನೆಲ್ಲ ಬಾಗಿಲ ಹೊರಗೆ ಬಿಡುವುದು. ಯಾರೂ ಧರ್ಮದ ಮಾತೆತ್ತಬೇಡಿ, ಎಲ್ಲರೂ ಒಂದೇ ಎನ್ನಿ, ಮುಗಿಯಿತು. ಈ ಶಾಲೆ ಹಾಗೆ ಮಾಡಲಿಲ್ಲ. ಇದು ಕ್ರೈಸ್ತ ನೆಲೆಯ ಶಾಲೆ ಎಂದೇ ಹೇಳಿಕೊಂಡಿತು. ಇಲ್ಲಿ ಇಬ್ಬರು ಧರ್ಮಗುರುಗಳಿದ್ದಾರೆ. ಒಬ್ಬರು ಕ್ಯಾಥೊಲಿಕ್ ಮಕ್ಕಳಿಗೆ, ಒಬ್ಬರು ಪ್ರೊಟೆಸ್ಟೆಂಟ್ ಮಕ್ಕಳಿಗೆ. ಶಾಲೆಯ ಧ್ಯೇಯವಾಕ್ಯ ಲ್ಯಾಟಿನ್‌ನಲ್ಲಿದೆ: 'ಉಟ್ ಸಿಂಟ್ ಉನುಮ್'. ಅವರೆಲ್ಲರೂ ಒಂದಾಗಿರಲಿ ಎಂದು. ಯೋಹಾನನ ಸುವಾರ್ತೆಯಲ್ಲಿ, ಸಾಯುವ ಹಿಂದಿನ ರಾತ್ರಿ ಯೇಸು ತನ್ನವರಿಗಾಗಿ ಮಾಡಿದ ಪ್ರಾರ್ಥನೆಯ ಮಾತು ಅದು. ಆ ಗ್ರಂಥ ಎರಡು ಕಡೆಯವರಿಗೂ ಒಂದೇ.

ವಿಭೂತಿ ಬುಧವಾರದ ದಿನವನ್ನೇ ತೆಗೆದುಕೊಳ್ಳಿ. ಅವತ್ತು ಕ್ಯಾಥೊಲಿಕರ ಹಣೆಯಲ್ಲಿ ಬೂದಿಯ ಗುರುತು ಇರುತ್ತದೆ. ಕ್ಯಾಥೊಲಿಕ್ ಶಾಲೆಯಲ್ಲಿ ಎಲ್ಲರ ಹಣೆಯಲ್ಲೂ ಇರುತ್ತದೆ, ಯಾರೂ ಯಾರನ್ನೂ ಕೇಳುವುದಿಲ್ಲ. ಸರ್ಕಾರಿ ಶಾಲೆಯಲ್ಲಿ ಯಾರ ಹಣೆಯಲ್ಲೂ ಇರುವುದಿಲ್ಲ, ಅಲ್ಲೂ ಕೇಳುವ ಪ್ರಮೇಯ ಇಲ್ಲ. ಒಟ್ಟಿಗೆ ಕೂತ ತರಗತಿಯಲ್ಲಿ ಮಾತ್ರ "ನಿನ್ನ ಹಣೆಯಲ್ಲಿ ಅದೇನು?" ಎಂಬ ಪ್ರಶ್ನೆ ಬರುತ್ತದೆ. ಉತ್ತರ ಹೇಳಬೇಕಾದರೆ ಆ ಹುಡುಗಿಯೂ ತನ್ನದರ ಅರ್ಥ ತಿಳಿದಿರಬೇಕು. ನವೆಂಬರಿನಲ್ಲಿ ಪ್ರೊಟೆಸ್ಟೆಂಟ್ ಮನೆಯ ಹುಡುಗ ಅಂಗಿಗೆ ಕೆಂಪು ಗಸಗಸೆ ಹೂವಿನ ಗುರುತು ಸಿಕ್ಕಿಸಿಕೊಂಡು ಬರುತ್ತಾನೆ. ಯುದ್ಧದಲ್ಲಿ ಸತ್ತ ಬ್ರಿಟಿಷ್ ಸೈನಿಕರ ನೆನಪಿಗೆ. ಅವನ ಮುತ್ತಜ್ಜ ಮೊದಲ ಮಹಾಯುದ್ಧದಲ್ಲಿ ಸತ್ತಿರಬಹುದು. ಪಕ್ಕದಲ್ಲಿ ಕೂತವಳ ಮನೆಯಲ್ಲಿ ಬ್ರಿಟಿಷ್ ಸೈನಿಕ ಎಂದರೆ ನಡುರಾತ್ರಿ ಬಾಗಿಲು ಒಡೆದು ಒಳಗೆ ಬಂದವನು. ಇಬ್ಬರ ನೆನಪೂ ನಿಜ. ಇದನ್ನು ಮಾತಿಗೆ ತರುವುದು ಟೀಚರ್ ಕೆಲಸ. ಸುಲಭದ್ದಲ್ಲ.

ಇತಿಹಾಸದ ಪಾಠ ಇನ್ನೂ ಕಷ್ಟ. ಪ್ರೊಟೆಸ್ಟೆಂಟ್ ದೊರೆ ಕ್ಯಾಥೊಲಿಕ್ ದೊರೆಯನ್ನು ಸೋಲಿಸಿದ 1690ರ ಬಾಯ್ನ್ ನದಿಯ ಕದನವನ್ನು ಒಬ್ಬರು ಪ್ರತಿ ಜುಲೈನಲ್ಲಿ ಡೋಲು ಬಾರಿಸಿ ಹಬ್ಬದಂತೆ ಆಚರಿಸುತ್ತಾರೆ. ಇನ್ನೊಬ್ಬರು ಅದೇ ದಿನ ಬಾಗಿಲು ಹಾಕಿಕೊಂಡು ಮನೆಯೊಳಗಿರುತ್ತಾರೆ. ಮೊದಲೆಲ್ಲ ಸರ್ಕಾರಿ ಶಾಲೆಯಲ್ಲಿ ಬ್ರಿಟನ್ನಿನ ಇತಿಹಾಸ ಜಾಸ್ತಿ, ಕ್ಯಾಥೊಲಿಕ್ ಶಾಲೆಯಲ್ಲಿ ಐರ್ಲೆಂಡಿನ ಇತಿಹಾಸ ಜಾಸ್ತಿ. 1989ರ ಕಾನೂನಿನ ನಂತರ ಎಲ್ಲರಿಗೂ ಒಂದೇ ಪಠ್ಯಕ್ರಮ ಬಂತು. ಧರ್ಮಪಾಠಕ್ಕೂ ನಾಲ್ಕು ದೊಡ್ಡ ಚರ್ಚುಗಳು ಕೂತು ಒಂದು ಸಾಮಾನ್ಯ ಪಠ್ಯ ಒಪ್ಪಿಕೊಂಡವು. ಆದರೆ ಪಠ್ಯ ಒಂದಾದರೆ ಪಾಠ ಒಂದಾಗುವುದಿಲ್ಲ ಎಂದು ನಮಗೆಲ್ಲ ಗೊತ್ತು. ಒಂದೇ ಕಡೆಯ ಮಕ್ಕಳ ಮುಂದೆ ನಿಂತು "ಇನ್ನೊಬ್ಬರ ದೃಷ್ಟಿ ಹೀಗೂ ಇದೆ" ಎನ್ನುವುದು ಸುಲಭ. ಆ ಇನ್ನೊಬ್ಬರು ಮೂರನೇ ಬೆಂಚಿನಲ್ಲಿ ಕೂತು ನಮ್ಮ ಮುಖವನ್ನೇ ನೋಡುತ್ತಿದ್ದರೆ ಪ್ರತಿ ಮಾತನ್ನೂ ತೂಗಿ ಆಡಬೇಕಾಗುತ್ತದೆ. ಒಳ್ಳೆಯ ಟೀಚರನ್ನು ತಯಾರು ಮಾಡುವುದು ಆ ಮುಖಗಳೇ.

ಆಟದಲ್ಲೂ ಹೀಗೆಯೇ. ಐರ್ಲೆಂಡಿನದೇ ಆಟಗಳಾದ ಗೇಲಿಕ್ ಫುಟ್‌ಬಾಲ್ ಮತ್ತು ಹರ್ಲಿಂಗ್ ಕ್ಯಾಥೊಲಿಕ್ ಶಾಲೆಗಳ ಆಟ. ರಗ್ಬಿ, ಕ್ರಿಕೆಟ್ ಪ್ರೊಟೆಸ್ಟೆಂಟ್ ಶಾಲೆಗಳ ಆಟ. ಒಟ್ಟಿಗೆ ಓದುವ ಶಾಲೆಗಳು ಎರಡಕ್ಕೂ ಜಾಗ ಕೊಡಲು ನೋಡುತ್ತವೆ.

ಸುಮ್ನೆ ಪಕ್ಕದಲ್ಲಿ ಕೂರಿಸಿದರೆ ಸಾಕಾ? ಸಾಲದು. ಗಾರ್ಡನ್ ಆಲ್ಪೋರ್ಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಇದನ್ನು ಹೇಳಿದ್ದಾರೆ. ಎರಡು ಗುಂಪಿನವರು ಭೇಟಿಯಾದ ಮಾತ್ರಕ್ಕೇ ದ್ವೇಷ ಕಡಿಮೆಯಾಗುವುದಿಲ್ಲ. ಇಬ್ಬರಿಗೂ ಸಮನಾದ ಸ್ಥಾನ ಇರಬೇಕು. ಇಬ್ಬರೂ ಕೂಡಿ ಮಾಡುವ ಕೆಲಸ ಇರಬೇಕು. ಮೇಲಿನವರು ಇದನ್ನು ಒಪ್ಪಿ ಬೆನ್ನಿಗೆ ನಿಂತಿರಬೇಕು. ಲ್ಯಾಗನ್ ಮಾದರಿಯ ಶಾಲೆಗಳು ಈ 'ಸಮನಾದ ಸ್ಥಾನ'ವನ್ನು ಲೆಕ್ಕದಲ್ಲೇ ಕಟ್ಟಿಹಾಕಿದವು. ಸುಮಾರು ನೂರಕ್ಕೆ 40 ಕ್ಯಾಥೊಲಿಕರು, 40 ಪ್ರೊಟೆಸ್ಟೆಂಟರು, 20 ಇತರರು ಎಂಬುದು ಅವುಗಳ ಗುರಿ. ಆಡಳಿತ ಮಂಡಳಿಯಲ್ಲಿ, ಟೀಚರುಗಳಲ್ಲಿ ಕೂಡ ಎರಡೂ ಕಡೆಯವರು ಇರಬೇಕು. ಯಾಕೆಂದರೆ 30 ಮಕ್ಕಳ ತರಗತಿಯಲ್ಲಿ ಆ ಕಡೆಯ ಮಗು ಒಂದೇ ಇದ್ದರೆ ಅದು ಬಾಯಿ ಮುಚ್ಚಿಕೊಂಡು ಕೂರುತ್ತದೆ. ಹತ್ತು ಮಕ್ಕಳಿದ್ದರೆ ಮಾತಾಡುತ್ತದೆ.

2014ರಲ್ಲಿ ಬೆಲ್‌ಫಾಸ್ಟಿನ ಹೈಕೋರ್ಟ್ ಕೂಡ ಇದನ್ನು ಬೇರೆ ರೀತಿಯಲ್ಲಿ ಹೇಳಿತು. ಒಮಾ ಪಟ್ಟಣದ ಡ್ರಮ್ರಾ ಎಂಬ ಶಾಲೆ ತಂದ ಮೊಕದ್ದಮೆಯಲ್ಲಿ ಬಂದ ತೀರ್ಪು ಅದು. ನಮ್ಮ ಬಾಗಿಲು ಎಲ್ಲರಿಗೂ ತೆರೆದಿದೆ ಎನ್ನುವ ಶಾಲೆ ಬೇರೆ, ಎಲ್ಲರೂ ಸಮನಾಗಿ ಸೇರಿ ಕಟ್ಟಿದ ಶಾಲೆ ಬೇರೆ.

ಸಭೆಯಲ್ಲಿ ಒಬ್ಬರು ಮೇಷ್ಟ್ರು ಇಲ್ಲೇ ನನ್ನನ್ನು ತಡೆದು ಕೇಳಿದರು: "ಮೇಡಂ, ಹೀಗೆ ಬೆಳೆದ ಮಕ್ಕಳು ತಮ್ಮ ಧರ್ಮ ಮರೆಯುವುದಿಲ್ಲವೇ?" ಆ ಪ್ರಶ್ನೆಯನ್ನು ಅಲ್ಲಿನ ಪಾಲಕರೂ 1981ರಿಂದ ಕೇಳುತ್ತಿದ್ದಾರೆ. ನಾನು ಅಲ್ಲಿದ್ದಾಗ ಅಕ್ಕನ ಮಗಳ ಜೊತೆ ಕೆಲಸ ಮಾಡುವ ಒಬ್ಬ ಹೆಂಗಸಿನ ಹತ್ತಿರ ಮಾತಾಡಿದ್ದೆ. ಆಕೆ ಕ್ಯಾಥೊಲಿಕ್, ಗಂಡ ಪ್ರೊಟೆಸ್ಟೆಂಟ್. ಅಂಥ ಮನೆಗಳಿಗೆ ಈ ಶಾಲೆಗಳು ಎಷ್ಟು ದೊಡ್ಡ ಆಸರೆ ಎಂದು ಆಕೆಯ ಮಾತಿನಿಂದ ಗೊತ್ತಾಯಿತು. "ಬೇರೆ ಶಾಲೆಗೆ ಕಳಿಸಿದ್ದರೆ ನನ್ನ ಮಗ ಅಪ್ಪ ಅಥವಾ ಅಮ್ಮ, ಇಬ್ಬರಲ್ಲಿ ಒಬ್ಬರನ್ನು ಮನೆಯಲ್ಲಿ ಬಿಟ್ಟು ಹೋಗಬೇಕಿತ್ತು" ಎಂದರು. ಅವರ ಮಗ ಭಾನುವಾರ ಅಮ್ಮನ ಜೊತೆ ಬಲಿಪೂಜೆಗೂ ಹೋಗುತ್ತಾನೆ, ಅಜ್ಜಿಯ ಜೊತೆ ಪ್ರೊಟೆಸ್ಟೆಂಟರ ಪ್ರೆಸ್ಬಿಟೇರಿಯನ್ ಚರ್ಚಿಗೂ ಹೋಗುತ್ತಾನೆ. ಧರ್ಮ ಮರೆತ ಹುಡುಗನ ಹಾಗೆ ನನಗೆ ಕಾಣಲಿಲ್ಲ.

ಲ್ಯಾಗನ್ ಒಂಟಿಯಾಗಿ ಉಳಿಯಲಿಲ್ಲ. 1985ರಲ್ಲಿ ಉತ್ತರ ಬೆಲ್‌ಫಾಸ್ಟಿನಲ್ಲಿ, ಗಲಭೆ ಅತಿ ಹೆಚ್ಚು ಇದ್ದ ಕಡೆಯೇ, ಹೇಜಲ್‌ವುಡ್ ಕಾಲೇಜು ಶುರುವಾಯಿತು. 1989ರ ಕಾನೂನು ಇಂಥ ಶಾಲೆಗಳಿಗೆ ಪ್ರೋತ್ಸಾಹ ಕೊಡುವುದನ್ನು ಸರ್ಕಾರದ ಕರ್ತವ್ಯವನ್ನಾಗಿ ಮಾಡಿತು. ಸಾಕಷ್ಟು ಮಕ್ಕಳನ್ನು ಸೇರಿಸಿ ತೋರಿಸಿದ ಹೊಸ ಶಾಲೆಗೆ ಮೊದಲ ದಿನದಿಂದಲೇ ಸಂಬಳ, ಖರ್ಚಿಗೆ ಹಣ ಸಿಗತೊಡಗಿತು. 1998ರ ಗುಡ್ ಫ್ರೈಡೇ ಒಪ್ಪಂದದಲ್ಲೂ ಒಟ್ಟಿಗೆ ಓದುವುದರ ಪ್ರಸ್ತಾಪ ಇದೆ. 2022ರಲ್ಲಿ ಇಂಥ ಶಾಲೆಗಳ ಪರವಾಗಿ ಇನ್ನೊಂದು ಕಾನೂನು ಬಂತು. ಈಗ ಅಲ್ಲಿ ಇಂಥ ಶಾಲೆಗಳು, ಪ್ರೈಮರಿ, ಹೈಸ್ಕೂಲು ಎಲ್ಲ ಸೇರಿ, ಸುಮಾರು 70 ಇವೆ.

ಆದರೂ ಇವುಗಳಲ್ಲಿ ಓದುವುದು ನೂರಕ್ಕೆ ಹತ್ತು ಮಕ್ಕಳೂ ಇಲ್ಲ. 40 ವರ್ಷದ ನಂತರವೂ ಉಳಿದ 90ಕ್ಕೂ ಹೆಚ್ಚು ಮಕ್ಕಳು ಬೇರೆ ಬೇರೆ ಗೇಟಿನಿಂದಲೇ ಒಳಗೆ ಹೋಗುತ್ತಾರೆ. ಇದನ್ನು ಕೇಳಿದಾಗ ನನಗೆ ಬಹಳ ಬೇಸರವಾಯಿತು. ಕಾರಣ ಒಂದೇ ಅಲ್ಲ. ಜನ ವಾಸಿಸುವ ಬಡಾವಣೆಗಳೇ ಬೇರೆ ಬೇರೆ. ಬೆಲ್‌ಫಾಸ್ಟಿನಲ್ಲಿ ಎರಡು ಕೇರಿಗಳ ನಡುವೆ ಎತ್ತಿದ 'ಶಾಂತಿ ಗೋಡೆ'ಗಳು ಇನ್ನೂ ನಿಂತಿವೆ. ಇರುವ ಶಾಲೆಗಳಲ್ಲೇ ಸೀಟು ಖಾಲಿ ಇರುವಾಗ ಹೊಸ ಶಾಲೆಗೆ ಹಣ ಕೊಡಲು ಇಲಾಖೆ ಹಿಂದೆಮುಂದೆ ನೋಡುತ್ತದೆ. ಚರ್ಚುಗಳಿಗೆ ತಮ್ಮ ಶಾಲೆ ಕೈಬಿಟ್ಟು ಹೋಗುವ ಆತಂಕ. 2013ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ಬೆಲ್‌ಫಾಸ್ಟಿಗೆ ಬಂದಾಗ ಬೇರೆ ಬೇರೆ ಶಾಲೆಗಳು ಜನರನ್ನು ದೂರ ಮಾಡುತ್ತವೆ ಎಂಬ ಅರ್ಥದ ಒಂದು ಮಾತು ಆಡಿದ್ದಕ್ಕೇ ಕೆಲವು ಕ್ಯಾಥೊಲಿಕರಿಗೆ ಬಹಳ ನೋವಾಗಿತ್ತು.

ನಡುವಿನ ದಾರಿಯೂ ಒಂದಿದೆ. 2016ರ ಕಾನೂನಿನ ಪ್ರಕಾರ ಶಾಲೆಗಳು ಬೇರೆಯಾಗಿಯೇ ಇರುತ್ತವೆ, ಕೆಲವು ಪಾಠಗಳಿಗೆ ಮಾತ್ರ ಮಕ್ಕಳು ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗಿ ಜೊತೆಗೆ ಕೂರುತ್ತಾರೆ. ಏನೂ ಇಲ್ಲದಿರುವುದಕ್ಕಿಂತ ಇದು ಒಳ್ಳೆಯದೇ. ಆದರೆ ಬೆಲ್ ಹೊಡೆದ ಮೇಲೆ ಮಕ್ಕಳು ಬೇರೆ ಬಣ್ಣದ ಯೂನಿಫಾರ್ಮಿನಲ್ಲಿ ಬೇರೆ ಬಸ್ಸು ಹತ್ತುತ್ತಾರೆ. ಗೆಳೆತನ ಬೆಳೆಯುವುದು ಪಾಠದ ಹೊತ್ತಿನಲ್ಲಿ ಕಡಿಮೆ, ಬಸ್ಸಿನಲ್ಲಿ ಜಾಸ್ತಿ. ಇದು ನನ್ನ 30 ವರ್ಷದ ಅನುಭವ.

ಈಚೆಗೆ ನಡೆದ ಇನ್ನೊಂದು ವಿಷಯ ಹೇಳಬೇಕು. ಈಗಿರುವ ಶಾಲೆಯೊಂದು ಎಲ್ಲರ ಶಾಲೆಯಾಗಿ ಬದಲಾಗಬೇಕಾದರೆ ಪಾಲಕರು ಗುಟ್ಟಾಗಿ ಮತ ಹಾಕಿ ಒಪ್ಪಬೇಕು. ಬ್ಯಾಂಗರ್ ಎಂಬ ಊರಿನ ದೊಡ್ಡ ಹೈಸ್ಕೂಲೊಂದರಲ್ಲಿ ಮತ ಹಾಕಿದ ಪಾಲಕರಲ್ಲಿ ಐದಕ್ಕೆ ನಾಲ್ಕು ಪಾಲಿನಷ್ಟು ಜನ ಬದಲಾಗಲಿ ಎಂದರು. 2025ರ ಜನವರಿಯಲ್ಲಿ ಶಿಕ್ಷಣ ಮಂತ್ರಿ ಅನುಮತಿ ಕೊಡಲಿಲ್ಲ. ಅಲ್ಲಿ ಕ್ಯಾಥೊಲಿಕ್ ಮಕ್ಕಳು ಬಹಳ ಕಡಿಮೆ, ಸಾಕಷ್ಟು ಜನ ಸೇರುವ ಸಾಧ್ಯತೆ ಕಾಣುವುದಿಲ್ಲ ಎಂದು ಕಾರಣ ಕೊಟ್ಟರು. ಮೊದಲು ಹೇಳಿದ 'ಸಮನಾದ ಸ್ಥಾನ'ದ ಲೆಕ್ಕವೇ ಇಲ್ಲಿ ತೊಡಕಾಯಿತು. ಆ ಊರಿನಲ್ಲಿ ಕ್ಯಾಥೊಲಿಕರೇ ಕಡಿಮೆ ಎಂದಾದರೆ ಪಾಲಕರು ಏನು ಮಾಡಬೇಕು? ಲೆಕ್ಕ ಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಬಾಗಿಲು ತೆರೆಯದೆ ಜನ ಬರುವುದಿಲ್ಲ ಎಂದು ಕಾಯುವುದು ನ್ಯಾಯವಲ್ಲ. 1981ರಲ್ಲಿ ಸ್ಕೌಟ್ ಹಾಲಿನ ಬಾಗಿಲು ತೆಗೆಯುವವರೆಗೂ ಆ 28 ಮಕ್ಕಳು ಯಾವ ಇಲಾಖೆಯ ಲೆಕ್ಕದಲ್ಲಿದ್ದರು?

ಲ್ಯಾಗನ್ ಕಾಲೇಜಿನಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಎಲ್ಲ ಮಟ್ಟದ ಮಕ್ಕಳ ಶಾಲೆ ಎಂದು ಹೊರಟರೂ, ಒಂದು ಪಾಲು ಮಕ್ಕಳನ್ನು ಪ್ರವೇಶ ಪರೀಕ್ಷೆಯ ಅಂಕ ನೋಡಿ ಸೇರಿಸಿಕೊಳ್ಳುತ್ತದೆ. 11 ವರ್ಷಕ್ಕೇ ಮಕ್ಕಳನ್ನು ಪರೀಕ್ಷೆಯಿಂದ ಬೇರೆ ಮಾಡುವ ಪದ್ಧತಿ ಉತ್ತರ ಐರ್ಲೆಂಡಿನಲ್ಲಿ ಇನ್ನೂ ಇದೆ. ಧರ್ಮದ ಗೋಡೆ ಕೆಡವಿದವರು ಅಂಕದ ಗೋಡೆಯನ್ನು ಯಾಕೆ ಉಳಿಸಿಕೊಂಡರು ಎಂದು ನನಗೆ ನಿಜಕ್ಕೂ ಚಿಂತೆಯಾಗುತ್ತದೆ. ಇಲ್ಲಿ ಇಷ್ಟು ಜನ ಟೀಚರುಗಳಿದ್ದೀರಿ, ನಿಮಗೇನನ್ನಿಸುತ್ತದೆ ಎಂದು ಚಹಾದ ಹೊತ್ತಿನಲ್ಲಿ ಹೇಳಿ.

ಅಕ್ಕನ ಮಗಳ ಫಾರಂಗೆ ಬರುತ್ತೇನೆ. ಅವಳ ಮಗಳು ಈಗ ಒಂದು ಇಂಥದೇ ಪ್ರೈಮರಿ ಶಾಲೆಯಲ್ಲಿ ಓದುತ್ತಿದ್ದಾಳೆ. ಮನೆಯಲ್ಲಿ ನಮ್ಮ ಹಾಗೆ 'ಎಚ್' ಎನ್ನುತ್ತಾಳೆ. ಶಾಲೆಯಲ್ಲಿ ಒಬ್ಬ ಗೆಳತಿ 'ಏಚ್', ಇನ್ನೊಬ್ಬಳು 'ಹೇಚ್' ಎನ್ನುತ್ತಾರಂತೆ. ಈ ವರ್ಷ ಅವಳಿಗೆ ಹೈಸ್ಕೂಲು. ಮೊದಲ ಆಯ್ಕೆಯಾಗಿ ಗುಡ್ಡದ ಮೇಲಿನ ಆ ಶಾಲೆಯನ್ನೇ ಬರೆದಿದ್ದಾರೆ. ಕೇಳಿದವರಿಗೆಲ್ಲ ಅಲ್ಲಿ ಸೀಟು ಸಿಗುವುದಿಲ್ಲ. ಮೇ ತಿಂಗಳಲ್ಲಿ ಗೊತ್ತಾಗುತ್ತದೆ, ಆ ದಿನವೇ ಫೋನ್ ಮಾಡುತ್ತೇನೆ ಚಿಕ್ಕಮ್ಮ ಎಂದಿದ್ದಾಳೆ.